ಕೊಕ್ಕೆ ಕತ್ತರಿಸಿದ ಬಯೊನೆಟ್ ಕೊಂಡ ಕಥೆ

ನಾನಿರುವ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಅಟರ್‌ಕ್ಲಿಫ್ ಅಂತ ಒಂದು ಬಡಾವಣೆ ಇದೆ. ಈಗ ಅಲ್ಲಿ ಟೈಲ್ಸ್ ಅಂಗಡಿ, ಟೈರ್ ಅಂಗಡಿ, ಕಬಾಬ್ ಹೋಟೆಲು. ನೂರು ವರ್ಷದ ಹಿಂದೆ ಅದು ಉಕ್ಕಿನ ಕಾರ್ಖಾನೆಗಳ ಜಾಗ. ಸ್ಯಾಂಡರ್ಸನ್ ಬ್ರದರ್ಸ್ ಅಂಡ್ ನ್ಯೂಬೋಲ್ಡ್ ಅನ್ನುವ ಕಂಪನಿ ಅಲ್ಲೇ ಗರಗಸ, ಅರ ಎಲ್ಲ ಮಾಡುತ್ತಿತ್ತು. ಮೊದಲ ಮಹಾಯುದ್ಧ ಶುರುವಾದ ಮೇಲೆ ಅದೇ ಕಂಪನಿ ಬ್ರಿಟಿಷ್ ಸೈನ್ಯಕ್ಕೆ ಲಕ್ಷಗಟ್ಟಲೆ ಬಯೊನೆಟ್ ಮಾಡಿಕೊಟ್ಟಿತು. ಈ ವಿಷಯ ನನಗೆ ಗೊತ್ತಾಗಿದ್ದು ಆಫೀಸಿನಲ್ಲಿ ನಿವೃತ್ತಿಗೆ ಹತ್ತಿರವಾಗಿದ್ದ ಒಬ್ಬ ಹಿರಿಯರಿಂದ. ಅವರು ಇಲ್ಲಿಯವರೇ. ಹುಡುಗನಾಗಿದ್ದಾಗಿನಿಂದ ಬಯೊನೆಟ್ ಕೂಡಿಡುತ್ತಾ ಬಂದವರು. ‘ನಮ್ಮೂರಲ್ಲೇ ಮಾಡಿದ ಒಂದನ್ನಾದರೂ ಇಟ್ಟುಕೋ’ ಅಂತ ತಲೆಗೆ ಹುಳ ಬಿಟ್ಟಿದ್ದು ಅವರೇ.

ನನಗೆ ಆಯುಧದ ಹುಚ್ಚೇನೂ ಇರಲಿಲ್ಲ. ಆದರೆ ‘ತ್ರೀ ನಾಟ್ ತ್ರೀ’ ಬಂದೂಕನ್ನು ನೋಡದ ಕನ್ನಡಿಗ ಯಾರಿದ್ದಾರೆ? ಆಗಸ್ಟ್ 15ಕ್ಕೆ ಮೈದಾನದಲ್ಲಿ ಪೊಲೀಸರು ಹೆಗಲ ಮೇಲೆ ಹೊತ್ತು ನಿಲ್ಲುತ್ತಿದ್ದರಲ್ಲ, ಅದೇ. ಲೀ-ಎನ್‌ಫೀಲ್ಡ್ ಅದರ ಹೆಸರು. ಅದರ ಮೂತಿಗೆ ಸಿಕ್ಕಿಸುವ ಉದ್ದ ಕತ್ತಿಯೇ ‘ಪ್ಯಾಟರ್ನ್ 1907’, ಅಂದರೆ 1907ರ ಮಾದರಿಯ ಬಯೊನೆಟ್. ಬ್ರಿಟಿಷ್ ಬಯೊನೆಟ್ ಸಂಗ್ರಹ ಶುರು ಮಾಡುವವರು ಸಾಮಾನ್ಯವಾಗಿ ಇಲ್ಲಿಂದಲೇ ಶುರು ಮಾಡುತ್ತಾರೆ. ಬೇಕಾದಷ್ಟು ಸಿಗುತ್ತವೆ, ಓದುವುದಕ್ಕೆ ಗುರುತುಗಳೂ ಜಾಸ್ತಿ.

ಕೊಳ್ಳುವ ಮೊದಲು ಆ ಹಿರಿಯರು ನನಗೆ ಕೊಟ್ಟ ಹೋಂವರ್ಕ್ ಇಷ್ಟೇ: ಲೀಡ್ಸ್‌ನ ರಾಯಲ್ ಆರ್ಮರೀಸ್ ಮ್ಯೂಸಿಯಂಗೆ ಹೋಗಿ ಕಣ್ಣು ಪಳಗಿಸಿಕೊಂಡು ಬರುವುದು. ಪ್ರವೇಶ ಉಚಿತ. ಗಾಜಿನ ಪೆಟ್ಟಿಗೆಯ ಮುಂದೆ ನಿಂತು ಹಿಡಿ, ಹಿಡಿಗೂ ಅಲಗಿಗೂ ನಡುವಿನ ಅಡ್ಡಪಟ್ಟಿ, ಅಲಗು, ಮೊನೆ ಎಲ್ಲದರ ಆಕಾರ ಮನಸ್ಸಿಗೆ ಹತ್ತುವ ತನಕ ನೋಡಿದೆ. ‘ಸಂತೆಗೆ ಹೋದ ಮೊದಲ ಸಲ ದುಡ್ಡು ಮನೆಯಲ್ಲೇ ಬಿಟ್ಟು ಬಾ’ ಅನ್ನುವುದು ಅವರ ಇನ್ನೊಂದು ನಿಯಮ. ಒಳ್ಳೆ ನಿಯಮ.

ಇಷ್ಟರಲ್ಲಿ ಈ ಬಯೊನೆಟ್‌ನ ಹಿನ್ನೆಲೆಯೂ ಗೊತ್ತಾಯಿತು. ಲೀ-ಎನ್‌ಫೀಲ್ಡನ್ನು ಗಿಡ್ಡ ಮಾಡಿದಾಗ ಅದಕ್ಕೆ ಮೊದಲು ಕೊಟ್ಟಿದ್ದು 12 ಇಂಚಿನ ಅಲಗಿನ ಬಯೊನೆಟ್. ಪ್ಯಾಟರ್ನ್ 1903 ಅಂದರೆ ಅದು. ಬಂದೂಕೂ ಗಿಡ್ಡ, ಕತ್ತಿಯೂ ಗಿಡ್ಡ. ಯುರೋಪಿನ ಬೇರೆ ಸೈನಿಕರ ಉದ್ದ ಬಂದೂಕಿನ ಎದುರು ಬ್ರಿಟಿಷ್ ಸೈನಿಕನ ಕೈ ಎಟುಕುವುದಿಲ್ಲ ಅನ್ನುವ ಚಿಂತೆ ಶುರುವಾಯಿತು. ಜಪಾನಿನವರ ಅರಿಸಾಕಾ ಬಂದೂಕಿನ ಉದ್ದ ಬಯೊನೆಟ್ ನೋಡಿಕೊಂಡು 17 ಇಂಚಿನ ಅಲಗು ಮಾಡಿದರು. ಹಿಡಿಯೂ ಸೇರಿದರೆ ಹೆಚ್ಚುಕಡಿಮೆ 22 ಇಂಚು. ಜಪಾನಿನದರಲ್ಲಿ ಇದ್ದ ಹಾಗೇ ಅಡ್ಡಪಟ್ಟಿಯ ಕೆಳತುದಿಗೆ ಮುಂದಕ್ಕೆ ಬಾಗಿದ ಒಂದು ಕೊಕ್ಕೆಯನ್ನೂ ಇಟ್ಟರು. ಎದುರಾಳಿಯ ಅಲಗನ್ನು ಅದರಲ್ಲಿ ಸಿಕ್ಕಿಸಿ ತಿರುಚಬಹುದು ಅನ್ನುವ ಲೆಕ್ಕಾಚಾರ. ಆದರೆ ಅದು ಎದುರಾಳಿಯ ಅಲಗಿಗಿಂತ ಪೊದೆಗೆ, ಪಟ್ಟಿಗೆ ಸಿಕ್ಕಿಕೊಂಡಿದ್ದೇ ಜಾಸ್ತಿ. 1913ರಲ್ಲಿ ಕೊಕ್ಕೆ ಬೇಡ ಅಂತ ತೀರ್ಮಾನವಾಯಿತು. ಹೊಸದನ್ನು ಕೊಕ್ಕೆ ಇಲ್ಲದೆ ಮಾಡಿದರು. ಹಳೆಯವು ರಿಪೇರಿಗೆ ಬಂದಾಗಲೆಲ್ಲ ಕೊಕ್ಕೆ ಕತ್ತರಿಸಿ ಹಾಕಿದರು.

1916ರಲ್ಲಿ ಇನ್ನೊಂದು ಬದಲಾವಣೆ ಬಂತು. ಹಿಡಿಯ ಹಿಂತುದಿಯಲ್ಲಿ ಒಂದು ಉಕ್ಕಿನ ಗಡ್ಡೆ ಇರುತ್ತದೆ. ಅದರ ಕೊರಕಲು ಬಂದೂಕಿನ ಮೂತಿಯ ಕೆಳಗಿನ ಗೂಟಕ್ಕೆ ಜಾರಿ ಕೂರಬೇಕು. ಖಂದಕದ ಕೆಸರು ಆ ಕೊರಕಲಿನಲ್ಲಿ ತುಂಬಿ ಗಟ್ಟಿಯಾದರೆ ಬಯೊನೆಟ್ ಕೂರುವುದೇ ಇಲ್ಲ. ಹಾಗಾಗಿ ಗಡ್ಡೆಗೆ ಆರುಪಾರು ಒಂದು ತೂತು ಕೊರೆದರು, ಕೆಸರನ್ನು ತಳ್ಳಿ ತೆಗೆಯುವುದಕ್ಕೆ. ಇದನ್ನೂ ಹಳೆಯವಕ್ಕೆ ರಿಪೇರಿಯಲ್ಲಿ ಮಾಡಿದರು.

ಸಂಗ್ರಹಕಾರರ ಇಡೀ ಲೋಕ ನಿಂತಿರುವುದು ಈ ಎರಡು ಬದಲಾವಣೆಗಳ ಮೇಲೆ. ಕೊಕ್ಕೆ ಇದೆ, ತೂತು ಇಲ್ಲ ಅಂದರೆ ಅದು ರಿಪೇರಿ ಬೆಂಚು ಕಾಣದೆ ತಪ್ಪಿಸಿಕೊಂಡ ಮಾಲು. ಬೆಲೆ ಸಾಧಾರಣ ಬಯೊನೆಟ್‌ನ ಹಲವು ಪಟ್ಟು. ಎಲ್ಲರಿಗೂ ಬೇಕಾದದ್ದು ಅದೇ. ನನಗೆ ಯಾಕೋ ಮೊದಲಿಂದಲೂ ಕೊಕ್ಕೆ ಕತ್ತರಿಸಿದ್ದರ ಮೇಲೇ ಮನಸ್ಸು. ಕೊಕ್ಕೆ ಉಳಿದದ್ದು ಎಲ್ಲೋ ಬೀರುವಿನಲ್ಲಿ ಮಲಗಿದ್ದಿರಬಹುದು. ಕತ್ತರಿಸಿದ್ದು ಮಾತ್ರ ಸೈನ್ಯದ ಕೈಯಲ್ಲಿ ತಿರುಗಿ, ಸೈನ್ಯದ ಕೈಯಿಂದಲೇ ಬದಲಾದದ್ದು. ಜೊತೆಗೆ ಅಗ್ಗ. ಅದನ್ನೂ ಮುಚ್ಚಿಡುವುದೇನು.

ಹಳೆಯ ಮಿಲಿಟರಿ ಸಾಮಾನಿನ ಸಂತೆಗಳು ಇಲ್ಲಿ ಭಾನುವಾರಗಳಲ್ಲಿ ನಡೆಯುತ್ತವೆ. ಯಾವುದೋ ಸಭಾಂಗಣ, ಸಾಲಾಗಿ ಮಡಚುವ ಮೇಜು, ಮೇಲೆ ಹಸಿರು ಬಟ್ಟೆ. ಪದಕ, ಟೋಪಿ, ಗುಂಡಿ, ನಕ್ಷೆ, ಬೆಲ್ಟು. ಬಯೊನೆಟ್ ಮೇಜುಗಳು ಬೇರೆಯೇ ಇರುತ್ತವೆ. ಒಂದರ ಮೇಲೆ ಮಾರ್ಟಿನಿ-ಹೆನ್ರಿ ಬಂದೂಕಿನ ಮೂರು ಏಣಿನ ಉದ್ದ ಸಲಾಕೆ. ಸುಮಾರು 22 ಇಂಚಿನದು. ಪಕ್ಕದಲ್ಲೇ ಎರಡನೇ ಮಹಾಯುದ್ಧದ ‘ನಂಬರ್ 4’, ಎಂಟೇ ಇಂಚಿನ ಮೊಳೆಯಂಥದ್ದು. ಸೈನಿಕರು ಅದನ್ನು ಹಂದಿ ಚುಚ್ಚುವ ಕಡ್ಡಿ ಅಂತ ಗೇಲಿ ಮಾಡುತ್ತಿದ್ದರಂತೆ. ಅದರ ಮೊದಲ ಮಾದರಿಯನ್ನು ಮಾಡಿದ್ದು ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್‌ನಲ್ಲಿದ್ದ ಸಿಂಗರ್ ಕಾರ್ಖಾನೆ. ಹೌದು, ಹೊಲಿಗೆ ಯಂತ್ರದ ಸಿಂಗರೇ. ನಮ್ಮಜ್ಜಿ ಮನೆಯಲ್ಲಿ ಕಾಲಿನಿಂದ ತುಳಿದು ಹೊಲಿಯುತ್ತಿದ್ದ ಯಂತ್ರದ ಮೇಲೆ ಚಿನ್ನದ ಬಣ್ಣದಲ್ಲಿ ಇದ್ದ ಅದೇ ಹೆಸರು.

ಪ್ಯಾಟರ್ನ್ 1907 ಅಂತ ಹೇಳಿ ಅಮೆರಿಕದ ಬಂದೂಕಿನದನ್ನು ಕೈಗಿಡುವವರೂ ಇದ್ದಾರೆ. ದೂರದಿಂದ ಎರಡೂ ಒಂದೇ. ಹಿಡಿಯ ಮರ ನೋಡಿದರೆ ಸಾಕು. ಬ್ರಿಟನ್ನಿನವರು ಅಮೆರಿಕದಲ್ಲಿ ಮಾಡಿಸಿದ ಪ್ಯಾಟರ್ನ್ 1913 ಮತ್ತು ಅಮೆರಿಕದವರದೇ 1917ರ ಬಯೊನೆಟ್‌ಗಳ ಮರದ ಮೇಲೆ ಅಡ್ಡಲಾಗಿ ಎರಡು ಆಳದ ಗೀರು ಕೊರೆದಿರುತ್ತಾರೆ. ನೋಡುವುದಕ್ಕೆ 1907ರ ಥರವೇ, ಆದರೆ ಇವು ಲೀ-ಎನ್‌ಫೀಲ್ಡಿಗೆ ಕೂರುವುದಿಲ್ಲ, 1907ರದ್ದು ಇವುಗಳ ಬಂದೂಕಿಗೆ ಕೂರುವುದಿಲ್ಲ. ಕತ್ತಲಲ್ಲಿ ಬೆರಳಿಗೇ ಗೊತ್ತಾಗಲಿ ಅಂತ ಈ ಉಪಾಯ.

ನನ್ನ ಬಯೊನೆಟ್ ಸಿಕ್ಕಿದ್ದು ಮೂಲೆಯ ಒಂದು ಮೇಜಿನ ಮೇಲೆ, ಚರ್ಮದ ಒರೆಯ ಸಮೇತ. ವ್ಯಾಪಾರಿ ಒಬ್ಬ ದಢೂತಿ ಮುದುಕ. ಥರ್ಮಾಸಿನಿಂದ ಚಹಾ ಬಗ್ಗಿಸಿಕೊಳ್ಳುತ್ತಿದ್ದ. ‘ಎತ್ತಿ ನೋಡಬಹುದಾ?’ ಅಂದೆ. ಕೇಳದೆ ಎತ್ತಬಾರದು, ಇಲ್ಲಿಯ ರಿವಾಜು. ತಲೆಯಾಡಿಸಿದ. ನಿಧಾನಕ್ಕೆ ಒರೆಯಿಂದ ಎಳೆದೆ. ತೂಕ ಅರ್ಧ ಕಿಲೋಗೆ ಸ್ವಲ್ಪ ಕಡಿಮೆ ಇರುತ್ತದೆ ಅಂತ ಓದಿದ್ದೆ. ಆದರೆ ಉದ್ದದಿಂದಾಗಿ ಕೈಯಲ್ಲಿ ಅದಕ್ಕಿಂತ ಭಾರ ಅನ್ನಿಸುತ್ತದೆ.

ಮೊದಲು ಅಲಗನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಉದ್ದಕ್ಕೂ ನೋಡಿದೆ, ಬಾಗಿದೆಯಾ ಅಂತ. ಬಾಗಿರಲಿಲ್ಲ. ಆಮೇಲೆ ಟೇಪು ಇಟ್ಟು ಅಳೆದೆ. ಮುರಿದ ಮೊನೆಯನ್ನು ಸಾಣೆ ಹಿಡಿದು ಹೊಸ ಮೊನೆ ಮಾಡಿರುವುದುಂಟು. ಆಗ ಅಲಗು 17 ಇಂಚಿಗೆ ಬರುವುದಿಲ್ಲ, ಅಲಗಿನ ಎರಡೂ ಕಡೆ ಹರಿಯುವ ತೋಡು ಮೊನೆಗೆ ತೀರಾ ಹತ್ತಿರ ಹೋಗಿ ನಿಂತಿರುತ್ತದೆ. ಇದು ಸರಿಯಿತ್ತು. ಅಲಗಿನ ಬಾಯಿಯನ್ನು ಯಾವುದೋ ಕಾಲದಲ್ಲಿ ಮಸೆದಿದ್ದರು. ಮಸೆದದ್ದು ಕೆಟ್ಟದ್ದೇನಲ್ಲ. ಯುದ್ಧಕ್ಕೆ ಹೊರಡುವ ಮುಂಚೆ ಸೈನ್ಯವೇ ಮಸೆಯಿಸುತ್ತಿತ್ತು. ಆದರೆ ಗ್ರೈಂಡರಿನ ಹೊಸ ಹೊಳಪು ಕಂಡರೆ ಕೆಳಗಿಟ್ಟು ಮುಂದೆ ಹೋಗುವುದು ಒಳ್ಳೆಯದು.

ಈಗ ಮುಖ್ಯವಾದ ಜಾಗ. ಅಡ್ಡಪಟ್ಟಿಯ ಪಕ್ಕದಲ್ಲೇ, ಅಲಗು ಶುರುವಾಗುವ ಕಡೆ ಎರಡು ಬೆರಳು ಅಗಲದ ಮಟ್ಟಸ ಜಾಗ ಇರುತ್ತದೆ. ಬಯೊನೆಟ್‌ನ ಜಾತಕ ಪೂರ್ತಿ ಅಲ್ಲೇ. ಜೇಬಿನಿಂದ ಭೂತಗನ್ನಡಿ ತೆಗೆದೆ. ಒಂದು ಕಡೆ ಕಿರೀಟ, ಕೆಳಗೆ ಜಿ ಆರ್. ಅಂದರೆ ಐದನೇ ಜಾರ್ಜ್ ಕಾಲದ್ದು, 1910ರ ಮೇಲಿನದು. ಅದಕ್ಕೂ ಹಿಂದಿನದಾದರೆ ಏಳನೇ ಎಡ್ವರ್ಡನ ಇ ಆರ್ ಇರುತ್ತಿತ್ತು. ಅದರ ಕೆಳಗೆ 1907. ಹೊಸಬರು ಇದನ್ನೇ ತಯಾರಾದ ವರ್ಷ ಅಂದುಕೊಳ್ಳುತ್ತಾರೆ, ಅದು ಪ್ಯಾಟರ್ನಿನ ಹೆಸರಷ್ಟೇ. ತಯಾರಾದ ತಿಂಗಳು, ವರ್ಷ ಅದರ ಕೆಳಗೆ ಸಣ್ಣದಾಗಿ ಇರುತ್ತದೆ: 6 ’11. 1911ರ ಜೂನ್. ಅದರ ಕೆಳಗೆ ಸ್ವಲ್ಪ ಸವೆದ ಅಕ್ಷರದಲ್ಲಿ ಸ್ಯಾಂಡರ್ಸನ್.

ಅಟರ್‌ಕ್ಲಿಫ್‌ನ ಮಾಲು! ಮುಖದ ಮೇಲೆ ಏನೂ ತೋರಿಸದೆ ತಿರುಗಿಸಿದೆ. ಚೌಕಾಸಿ ಇನ್ನೂ ಬಾಕಿ ಇದೆಯಲ್ಲ.

ಇನ್ನೊಂದು ಕಡೆ ಸರ್ಕಾರಿ ಆಸ್ತಿ ಅನ್ನುವ ಅಗಲ ಬಾಣದ ಗುರುತು. ಅಲಗನ್ನು ಬಾಗಿಸಿ ಪರೀಕ್ಷೆ ಮಾಡಿದ್ದಕ್ಕೆ ಒಂದು ಎಕ್ಸ್. ಕಿರೀಟದ ಕೆಳಗೆ ಅಂಕಿ ಇರುವ ಸಣ್ಣ ಮುದ್ರೆಗಳು, ತಪಾಸಣೆ ಮಾಡಿದವರವು. ಅವುಗಳ ಮಧ್ಯೆ ಬೇರೆ ಅಚ್ಚಿನಲ್ಲಿ ’16 ಅಂತ ಎರಡೇ ಅಂಕಿ. ರಿಪೇರಿಯಾಗಿ ಮತ್ತೆ ಸೈನ್ಯಕ್ಕೆ ಹೋದ ವರ್ಷ ಅದು. ಕತ್ತರಿಸಿದ ಕೊಕ್ಕೆ, ಕೊರೆದ ತೂತು, ಈ ’16, ಎಲ್ಲ ಒಂದಕ್ಕೊಂದು ಹೊಂದಿಕೊಂಡವು. ಎರಡು ಬಾಣಗಳು ಮೂತಿಗೆ ಮೂತಿ ಕೊಟ್ಟು ನಿಂತ ಗುರುತೂ ಮೂಲೆಯಲ್ಲಿತ್ತು. ಸೈನ್ಯದಿಂದ ಅಧಿಕೃತವಾಗಿ ಮಾರಿ ಹೊರಗೆ ಬಿಟ್ಟದ್ದು ಅಂತ ಅರ್ಥ.

ಅಡ್ಡಪಟ್ಟಿಯ ಕೆಳತುದಿಯನ್ನು ಬಹಳ ಹೊತ್ತು ನೋಡಿದೆ. ಕೊಕ್ಕೆ ಇಲ್ಲದೆಯೇ ಕಾರ್ಖಾನೆಯಿಂದ ಬಂದವುಗಳಲ್ಲಿ ಆ ತುದಿ ನಯವಾಗಿ ದುಂಡಗೆ ಮುಗಿಯುತ್ತದೆ. ನನ್ನ ಕೈಯಲ್ಲಿದ್ದದ್ದರ ತುದಿ ಸ್ವಲ್ಪ ಚಪ್ಪಟೆ, ಒಂದು ಕಡೆಗೆ ಓರೆ. ಅರ ಉಜ್ಜಿದ ಸಣ್ಣ ಗೆರೆಗಳು ಅಡ್ಡಕ್ಕೆ ಹೋಗಿದ್ದವು. ಆ ಗೆರೆಗಳ ಮೇಲೂ ಉಳಿದ ಭಾಗದ್ದೇ ಕಂದು ಬಣ್ಣ ಕೂತಿತ್ತು. ನಾನು ಹುಡುಕುತ್ತಿದ್ದದ್ದು ಅದನ್ನೇ. ನಿನ್ನೆ ಮೊನ್ನೆ ಉಜ್ಜಿದ್ದಾದರೆ ಅಲ್ಲಿ ಬಿಳಿ ಲೋಹ ಕಾಣುತ್ತದೆ. ಯಾರೋ ಒಬ್ಬ ಕೆಲಸಗಾರ ಇಕ್ಕುಳದಲ್ಲಿ ಸಿಕ್ಕಿಸಿ, ನಾಲ್ಕು ಸಲ ಅರ ಆಡಿಸಿ, ಮುಂದಿನದಕ್ಕೆ ಕೈ ಹಾಕಿದ್ದಾನೆ. ಸಮ ಮಾಡುವಷ್ಟು ಪುರುಸೊತ್ತು ಅವನಿಗಿರಲಿಲ್ಲ.

ಪಕ್ಕದ ಮೇಜಿನಲ್ಲಿ ಕೊಕ್ಕೆ ಇರುವುದೂ ಒಂದು ಇತ್ತು. ಸುಮ್ನೆ ಕೇಳಿ ಎತ್ತಿ ನೋಡಿದೆ. ವರ್ಷ 1915. ಕೊಕ್ಕೆ ನಿಂತದ್ದು 1913ರಲ್ಲಿ, ಅಲ್ವಾ? ಆಸ್ಟ್ರೇಲಿಯಾದ ಲಿತ್‌ಗೋ ಕಾರ್ಖಾನೆಯವರು ಆಮೇಲೂ ಸ್ವಲ್ಪ ಕಾಲ ಕೊಕ್ಕೆ ಇಟ್ಟೇ ಮಾಡಿದರು. ಆದರೆ ಇದರ ಮೇಲೆ ಇದ್ದದ್ದು ಇಂಗ್ಲೆಂಡಿನ ಕಂಪನಿಯ ಹೆಸರು. ಕೊಕ್ಕೆಯ ಬುಡಕ್ಕೆ ಭೂತಗನ್ನಡಿ ಹಿಡಿದರೆ ಕೂದಲೆಳೆಯಂಥ ಒಂದು ಗೆರೆ, ಅದರ ಆಚೆ ಲೋಹದ ಬಣ್ಣವೇ ಬೇರೆ. ಬೆಸುಗೆ ಹಾಕಿದ ಕೊಕ್ಕೆ. ಥ್ಯಾಂಕ್ಸ್ ಹೇಳಿ ಕೆಳಗಿಟ್ಟೆ. ಕೊಕ್ಕೆಗೆ ಬೆಲೆ ಬಂದ ದಿನದಿಂದ ಕೊಕ್ಕೆ ಬೆಳೆಸುವ ಕಸುಬೂ ಶುರುವಾಗಿದೆ. ಅದನ್ನು ಮಾಡಿದವನು ವರ್ಷವನ್ನಾದರೂ ನೋಡಿಕೊಳ್ಳಬಾರದಿತ್ತೇ?

ನನ್ನದಕ್ಕೆ ವಾಪಸು ಬಂದೆ. ಹಿಡಿಯ ಎರಡು ಮರದ ತುಂಡುಗಳು ವಾಲ್ನಟ್. ಎರಡು ಸ್ಕ್ರೂ ಹಾಕಿ ಬಿಗಿದಿರುತ್ತಾರೆ. ಸ್ಕ್ರೂ ತಲೆಯ ಸೀಳು ಚೂಪಾಗಿ ಇತ್ತು. ಅದು ಕಿತ್ತುಹೋಗಿದ್ದರೆ ಯಾರೋ ಬಿಚ್ಚಿ ಆಟ ಆಡಿದ್ದಾರೆ ಅಂತಲೇ ತಿಳಿಯಬೇಕು. ಮರದ ಅಂಚು ಲೋಹಕ್ಕಿಂತ ತಗ್ಗಿದ್ದರೆ ಯಾರೋ ಮರಳು ಕಾಗದ ಉಜ್ಜಿದ್ದಾರೆ. ಇಲ್ಲಿ ಎರಡೂ ಮಟ್ಟ ಸರಿಯಿತ್ತು. ಒಂದು ಕಡೆ ಮರದಲ್ಲಿ ಹಳೆಯ ಚಕ್ಕೆ ಹಾರಿದ ಗುರುತು, ಅಂಚು ಸವೆದು ನುಣುಪಾಗಿತ್ತು. ಹಿಂತುದಿಯ ಗುಂಡಿ ಒತ್ತಿದೆ. ಒಳಗಿನ ಸ್ಪ್ರಿಂಗು ಇನ್ನೂ ಚಟಕ್ಕನೆ ಹಿಂದಕ್ಕೆ ಬರುತ್ತಿತ್ತು.

ಗಡ್ಡೆಯ ಮೇಲೆ ರೆಜಿಮೆಂಟಿನ ಗುರುತು ಇದ್ದರೆ ಬೆಲೆ ಏರುತ್ತದೆ. ಬೆಟಾಲಿಯನ್ನಿನ ಅಂಕಿ, ರೆಜಿಮೆಂಟಿನ ಹೆಸರಿನ ಒಂದೆರಡು ಅಕ್ಷರ, ಕೆಳಗೆ ಆಯುಧದ ನಂಬರು. ಯುದ್ಧ ಶುರುವಾಗಿ ಲಕ್ಷಾಂತರ ಜನ ಸೇರಿದ ಮೇಲೆ ಇದನ್ನೆಲ್ಲ ಹೊಡೆಯುತ್ತಾ ಕೂರುವುದಕ್ಕೆ ಯಾರಿಗೆ ಸಮಯ? ಹಾಗಾಗಿ ಇಂಥ ಗುರುತು ಜಾಸ್ತಿ ಸಿಗುವುದು ಯುದ್ಧಕ್ಕಿಂತ ಹಿಂದಿನವುಗಳಲ್ಲಿ. ನನ್ನದರ ಮೇಲೂ ಗುರುತಿದೆ. ಆದರೆ ಒಂದು ಘಟಕದಿಂದ ವಾಪಸು ಬಂದಾಗ ಅದರ ಮೇಲೆ ಗೀಟು ಹೊಡೆದಿದ್ದಾರೆ. ಮೊದಲ ಅಕ್ಷರ ಆರ್ ಅನ್ನುವುದಷ್ಟೇ ಕಾಣುತ್ತದೆ. ಬ್ರಿಟಿಷ್ ಸೈನ್ಯದಲ್ಲಿ ‘ರಾಯಲ್’ ಅಂತ ಶುರುವಾಗುವ ರೆಜಿಮೆಂಟುಗಳಿಗೆ ಏನು ಬರ! ಅಲ್ಲಿಗೆ ನಿಂತಿತು ಆ ಪತ್ತೇದಾರಿ.

ತಯಾರಕರ ಹೆಸರಿಗೂ ಬೆಲೆಗೂ ನೇರ ಸಂಬಂಧ ಇದೆ. ವಿಲ್ಕಿನ್ಸನ್ ಮತ್ತು ಸ್ಯಾಂಡರ್ಸನ್ ಧಾರಾಳವಾಗಿ ಸಿಗುತ್ತವೆ. ಶೆಫೀಲ್ಡಿನದೇ ಆದ ಚಾಪ್‌ಮನ್ ಕಡಿಮೆ. ಬರ್ಮಿಂಗ್‌ಹ್ಯಾಮಿನ ಮೋಲ್ ಇನ್ನೂ ಕಡಿಮೆ. ವಿಕರ್ಸ್ ಸಿಕ್ಕರೆ ಪಕ್ಕದವನಿಗೆ ಹೇಳದೆ ಕೊಳ್ಳಬೇಕು ಅನ್ನುತ್ತಾರೆ. ಅಮೆರಿಕದ ರೆಮಿಂಗ್ಟನ್ನಿನವರೂ ಗುತ್ತಿಗೆಗೆ ಸುಮಾರು 1,00,000 ಮಾಡಿಕೊಟ್ಟಿದ್ದರು. ಅವುಗಳ ಹಿಂದೆ ಬಿದ್ದವರೇ ಬೇರೆ ಗುಂಪು.

ವ್ಯಾಪಾರಿ 180 ಪೌಂಡ್ ಅಂದ. ನಾನು ಒರೆಯ ಚರ್ಮ ತಿರುಗಿಸಿ ಹಿಂದಿನ ಹೊಲಿಗೆ ತೋರಿಸಿದೆ. ತುದಿಯ ಉಕ್ಕಿನ ಟೋಪಿಯ ಹತ್ತಿರ ಮೂರು ಬೆರಳಷ್ಟು ಬಿಟ್ಟುಹೋಗಿತ್ತು. ಚರ್ಮ ಗಟ್ಟಿಯಾಗಿ ಸುಕ್ಕುಗಟ್ಟಿತ್ತು. ‘ನೂರು ವರ್ಷ ದಾಟಿದೆ ಕಣಪ್ಪ, ನನ್ನ ಮೊಣಕಾಲೂ ಹಾಗೇ ಆಗಿದೆ’ ಅಂದ. ಕೊನೆಗೆ 150ಕ್ಕೆ ಒಪ್ಪಿದ. ಹಳೇ ಪೇಪರಿನಲ್ಲಿ ಸುತ್ತಿ, ಅದರ ಮೇಲೆ ಬಬಲ್ ಪ್ಲಾಸ್ಟಿಕ್ ಸುತ್ತಿ, ಟೇಪು ಹಾಕಿ, ರಸೀದಿ ಬರೆದುಕೊಟ್ಟ.

ಆ ರಸೀದಿ ಸುಮ್ಮನೆ ಅಲ್ಲ. ಇಲ್ಲಿ 18 ದಾಟಿದವರು ಇಂಥದ್ದನ್ನು ಕೊಳ್ಳಬಹುದು, ಮನೆಯಲ್ಲಿ ಇಟ್ಟುಕೊಳ್ಳಬಹುದು. ಆದರೆ ಸರಿಯಾದ ಕಾರಣ ಇಲ್ಲದೆ ಬೀದಿಯಲ್ಲಿ ಅಲಗು ಹಿಡಿದು ಓಡಾಡಿದರೆ ಅಪರಾಧ. ಚೆನ್ನಾಗಿ ಕಟ್ಟಿ, ಕಾರಿನ ಡಿಕ್ಕಿಯಲ್ಲಿಟ್ಟು, ಎಲ್ಲೂ ನಿಲ್ಲಿಸದೆ ನೇರ ಮನೆಗೆ ಬಂದೆ.

‘ಏನ್ರೀ ಇದು, ಮನೆಗೆ ಕತ್ತಿ ತಂದಿದ್ದೀರಾ?’ ಅಂದಳು ಹೆಂಡತಿ. ‘ತರಕಾರಿ ಹೆಚ್ಚೋಕಂತೂ ಆಗಲ್ಲ. ಎಲ್ಲಿಡ್ತೀರಾ?’ ನ್ಯಾಯವಾದ ಪ್ರಶ್ನೆಯೇ. ಮಕ್ಕಳ ಕೈಗೆ ಸಿಗದ ಬೀರುವಿನಲ್ಲಿ, ಬೀಗ ಹಾಕಿ, ಅಂದೆ.

ಶುಚಿ ಮಾಡುವ ಕೆಲಸ ಕಡಿಮೆ ಮಾಡಿದಷ್ಟೂ ಒಳ್ಳೆಯದು. ಹೊಳೆಯುವ ಹಾಗೆ ಪಾಲಿಶ್ ಮಾಡಿದರೆ ಅರ್ಧ ಬೆಲೆ ಹೋದ ಹಾಗೆ. ಗುರುತುಗಳ ಅಂಚು ಸವೆಯುತ್ತದೆ, ನೂರು ವರ್ಷದ ಕಂದು ಬಣ್ಣ ಹೋಗಿಬಿಡುತ್ತದೆ. ಕೆಂಪಗೆ ಪುಡಿಪುಡಿಯಾಗಿ ಬರುವ ತುಕ್ಕನ್ನು ಮಾತ್ರ ತೆಗೆಯಬೇಕು. ತೆಳು ಎಣ್ಣೆ ಹಚ್ಚಿ ಒಂದು ರಾತ್ರಿ ಬಿಟ್ಟೆ. ಆಮೇಲೆ ಅತಿ ನಯವಾದ ಉಕ್ಕಿನ ನಾರಿನಿಂದ, ನಾಲ್ಕು ಸೊನ್ನೆ ನಂಬರಿನದು, ಒತ್ತದೆ ಉಜ್ಜಿದೆ. ಬಟ್ಟೆಗೆ ಬಂದ ಕೆಂಪು ಕಡಿಮೆಯಾಗುತ್ತಾ ಬಂದು ಕಪ್ಪಾದಾಗ ನಿಲ್ಲಿಸಿದೆ. ಮೇಲೆ ಮ್ಯೂಸಿಯಂನವರು ಬಳಸುವ ರೆನೆಸಾನ್ಸ್ ಮೇಣವನ್ನು ತೆಳುವಾಗಿ ಹಚ್ಚಿದೆ. ಮರಕ್ಕೆ ಬೆರಳ ತುದಿಯಲ್ಲಿ ಅಗಸೆ ಎಣ್ಣೆ, ಅಷ್ಟೇ.

ಒರೆಗೆ ಎಣ್ಣೆ ಹಾಕಲಿಲ್ಲ. ಚರ್ಮ ಮೆತ್ತಗಾಗಿ ಹೊಲಿಗೆ ಇನ್ನೂ ಬಿಚ್ಚುತ್ತದೆ. ಬಿಟ್ಟುಹೋದ ಕಡೆ ಹೊಸ ದಾರ ಹಾಕಿಸಬಹುದಿತ್ತು, ಹಾಕಿಸಲಿಲ್ಲ. ಇನ್ನೊಂದು ವಿಷಯ: ಬಯೊನೆಟ್ಟನ್ನು ಒರೆಯೊಳಗೆ ಇಟ್ಟು ಮರೆಯಬಾರದು. ಚರ್ಮ ತೇವ ಹಿಡಿಯುತ್ತದೆ, ಹದ ಮಾಡಿದಾಗಿನ ಆಮ್ಲವೂ ಅದರಲ್ಲಿ ಇರುತ್ತದೆ. ಅಲಗು ಒಳಗೇ ತುಕ್ಕು ತಿನ್ನುತ್ತದೆ. ಅಲಗು ಬೇರೆ, ಒರೆ ಬೇರೆ, ಪಕ್ಕಪಕ್ಕದಲ್ಲಿ ಮಲಗಿಸಿದ್ದೇನೆ.

ಫೋಟೋ ನೋಡಿದ ಮೈಸೂರಿನ ತಮ್ಮ ಫೋನ್ ಮಾಡಿದ. ‘ಅಣ್ಣಾ, ಬರುವಾಗ ತಗೊಂಡ್ ಬಾರೋ, ಹಾಲ್‌ನಲ್ಲಿ ಗೋಡೆಗೆ ಹಾಕೋಣ.’ ಆಗಲ್ಲ ಕಣೋ ಅಂದೆ. ನಮ್ಮ 2016ರ ಆಯುಧ ನಿಯಮಗಳ ಪಟ್ಟಿಯಲ್ಲಿ ಕತ್ತಿ, ಕಠಾರಿ, ಭರ್ಜಿಯ ಜೊತೆ ಬಯೊನೆಟ್ ಅಂತ ಹೆಸರು ಹಿಡಿದೇ ಬರೆದಿದ್ದಾರೆ. ಲೈಸೆನ್ಸ್ ಇಲ್ಲದೆ ಹೊರಗಿನಿಂದ ತರುವ ಹಾಗಿಲ್ಲ. ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್‌ನವರ ಮುಂದೆ ನಿಂತು ಕೊಕ್ಕೆಯ ಇತಿಹಾಸ ಹೇಳುವ ಧೈರ್ಯ ನನಗಿಲ್ಲ.

‘ಹಾಗಾದ್ರೆ ನಮ್ಮ ದೇಶದಲ್ಲಿ ಮಾಡಿದ್ದು ಸಿಗಲ್ವಾ ಅಲ್ಲಿ?’ ಅಂದ. ಸಿಗುತ್ತದೆ. ಕೋಲ್ಕತ್ತಾ ಹತ್ತಿರದ ಇಶಾಪುರದ ಕಾರ್ಖಾನೆಯಲ್ಲೂ ಇದೇ ಬಯೊನೆಟ್ ಮಾಡುತ್ತಿದ್ದರು. ಆರ್ ಎಫ್ ಐ, ಅಂದರೆ ರೈಫಲ್ ಫ್ಯಾಕ್ಟರಿ ಇಶಾಪುರ, ಅಂತ ಮುದ್ರೆ. ಎರಡನೇ ಮಹಾಯುದ್ಧದಲ್ಲಿ 17 ಇಂಚು ಯಾರಿಗೂ ಬೇಡವಾಗಿ, ಉದ್ದದವನ್ನು ಭಾರತದಲ್ಲೇ ಕತ್ತರಿಸಿ ಹೆಚ್ಚುಕಡಿಮೆ 12 ಇಂಚಿಗೆ ಇಳಿಸಿದರು. ಹೊಸದನ್ನೂ ಗಿಡ್ಡವಾಗಿಯೇ ಮಾಡಿದರು. ಕೆಲವಕ್ಕೆ ಅಲಗಿನ ತೋಡೂ ಇಲ್ಲ, ಬರೀ ಸಪಾಟು. ಇಷ್ಟೆಲ್ಲ ಸುತ್ತಿ ಮತ್ತೆ 1903ರ ಉದ್ದಕ್ಕೇ ಬಂದು ನಿಂತರು ನೋಡಿ. ಇಲ್ಲಿನ ಸಂಗ್ರಹಕಾರರು ಈ ಗಿಡ್ಡದ್ದನ್ನು ಅಷ್ಟಾಗಿ ಮೂಸಿ ನೋಡುವುದಿಲ್ಲ. ಒರಟು ಕೆಲಸ, ಕಪ್ಪು ಬಣ್ಣ, ನೋಡುವುದಕ್ಕೆ ಏನೂ ಚೆಂದ ಇಲ್ಲ ಅಂತ. ನಮ್ಮ ಪರೇಡಿನ ಪೊಲೀಸರ ಬಂದೂಕಿನ ತುದಿಯಲ್ಲಿ ಮಿಂಚುತ್ತಿದ್ದದ್ದು ಇಂಥವೇ ಇರಬೇಕು.

ಮೊದಲೇ 17 ಇಂಚಿನದಾಗಿ ಹುಟ್ಟಿ, ಆಮೇಲೆ ಕತ್ತರಿಸಿಕೊಂಡ ಇಶಾಪುರದ್ದೊಂದು ಅದೇ ಥರ್ಮಾಸ್ ಮುದುಕನ ಹತ್ತಿರ ಇದೆ. ಒರೆ ಇಲ್ಲ, ಒಂದು ಕಡೆಯ ಮರ ಸೀಳಿದೆ. ಅವನು 70 ಪೌಂಡ್ ಅನ್ನುತ್ತಿದ್ದಾನೆ, ನಾನು 45 ಅಂದಿದ್ದೇನೆ.